ಗಲ್ಲದ ಕೆಂಪು

ಎರಡನೆಯ ಸಂಬಂಧಕ್ಕೆ ನಾನು ಹೂಂ ಅಂದಾಗ ನನಗೆ ಮೂವತ್ತು ದಾಟಿತ್ತು. ಧಾರವಾಡದಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಹುಡುಗ ಬೆಳಗಾವಿಯವನು, ಪಣಜಿಯಲ್ಲಿ ಬ್ಯಾಂಕಿನ ನೌಕರಿ, ಹೆಂಡತಿ ಕಾಮಾಲೆಯಾಗಿ ತೀರಿಕೊಂಡಿದ್ದಾಳೆ, ಒಬ್ಬಳೇ ಮಗಳು ಎಂದು ನಮ್ಮ ಸೋದರಮಾವ ಹೇಳಿದರು. ‘ಹುಡುಗ’ ಎಂಬ ಮಾತಿಗೆ ನಮ್ಮವ್ವ ನಕ್ಕಳು. ಅವರ ತಲೆ ಆಗಲೇ ಅರ್ಧ ನರೆತಿತ್ತು.

ಮದುವೆಯಾದ ಮೇಲೆ ಮೊದಲು ಹೋದದ್ದು ತೀರಿಹೋದವಳ ತವರಿಗೆ. ಅವಳ ತಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆಯಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. “ಇನ್ನ ನೀನ ನನ್ನ ಮಗಳವಾ” ಅಂದರು. ಅನ್ನುವಾಗ ನನ್ನ ಮುಖ ನೋಡಲಿಲ್ಲ, ನನ್ನ ಹಿಂದಿನ ಗೋಡೆ ನೋಡುತ್ತಿದ್ದರು. ಅಲ್ಲಿ ಮಗಳ ಫೋಟೋ ಇತ್ತು. ಅದನ್ನು ನಾನು ತಪ್ಪು ತಿಳಿಯಲಿಲ್ಲ.

ಹುಡುಗಿಗೆ ಆಗ ಆರು ವರ್ಷ. ತಾಯಿ ಹೋದ ಮೇಲೆ ಬೆಳಗಾವಿಯಲ್ಲಿ ಆಯಿಯ ಹತ್ತಿರವೇ ಇದ್ದಳು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವ ಹಾಗೆ ನನ್ನನ್ನು ‘ಮೌಶಿ’ ಅನ್ನು ಎಂದು ಆಯಿಯೇ ಹೇಳಿಕೊಟ್ಟರು. ಜೂನ್ ತಿಂಗಳಲ್ಲಿ ಅವಳನ್ನು ಕರೆದುಕೊಂಡು ಗೋವೆಗೆ ಬಂದೆವು. ಪಣಜಿಯಲ್ಲಿ ಬಾಡಿಗೆ ಹೆಚ್ಚು ಎಂದು ಸೇತುವೆಯ ಈಚೆ ಪರ್ವರಿಯಲ್ಲಿ ಮನೆ ಮಾಡಿದ್ದೆವು. ಸುತ್ತ ಎಲ್ಲಿ ನೋಡಿದರೂ ಕಟ್ಟಡಗಳು ಏಳುತ್ತಿದ್ದವು. ಗಾರೆ ಹೊರುವ ಹೆಂಗಸರೆಲ್ಲ ವಿಜಾಪುರ, ಬಾಗಲಕೋಟೆ ಕಡೆಯವರು. ಹೀಗಾಗಿ ರಸ್ತೆಗೆ ಇಳಿದರೆ ಕನ್ನಡ ಕಿವಿಗೆ ಬೀಳುತ್ತಿತ್ತು, ಆದರೆ ನಮ್ಮ ಕಟ್ಟಡದೊಳಗೆ ಎಲ್ಲ ಕೊಂಕಣಿ, ಹಿಂದಿ. ಹುಡುಗಿಯನ್ನು ಹತ್ತಿರದ ಇಂಗ್ಲಿಷ್ ಶಾಲೆಗೆ ಹಾಕಿದೆವು. ಅವಳಿಗೆ ಕನ್ನಡ ಬಿಟ್ಟರೆ ಸ್ವಲ್ಪ ಮರಾಠಿ ಬರುತ್ತಿತ್ತು, ಅಷ್ಟೇ.

ಅವಳು ಹಟಮಾರಿ ಮಗುವಲ್ಲ. ಹಟ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ. ಬಡಿಸಿದ್ದು ತಿನ್ನುತ್ತಿದ್ದಳು, ಹೇಳಿದಲ್ಲಿ ಕೂರುತ್ತಿದ್ದಳು. ಆದರೆ ತಲೆ ಬಾಚಲು ಮಾತ್ರ ನನಗೆ ಬಿಡುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ತಾನೇ ಬೈತಲೆ ತೆಗೆದುಕೊಳ್ಳುತ್ತಿದ್ದಳು. ಅದು ಸೊಟ್ಟಗಾಗುತ್ತಿತ್ತು. ಹಾಗೇ ಶಾಲೆಗೆ ಹೋಗುತ್ತಿದ್ದಳು. ಹೈವೇ ದಾಟುವಾಗ ನಾನು ಕೈ ಚಾಚಿದರೆ ಒಂದು ಬೆರಳನ್ನು ಮಾತ್ರ ಹಿಡಿಯುತ್ತಿದ್ದಳು. ಒಮ್ಮೆ ಡಬ್ಬಿಯ ಚಪಾತಿಯನ್ನು ಹಾಗೆಯೇ ತಂದು ಮೋರಿಗೆ ಎಸೆದಳು. ಆವತ್ತು ನಾನು ಜೋರು ಮಾಡಿದ್ದೆ. ಅವಳ ಮೇಲೆ ನನ್ನ ದನಿ ಏರಿದ್ದು ಅದೊಂದೇ ಸಲ.

ಮಳೆಗಾಲ ಹಿಡಿಯುವ ಹೊತ್ತಿಗೇ ನಾನು ಬಸುರಾಗಿದ್ದೆ. ನಾಲ್ಕನೆಯ ತಿಂಗಳು ಹಿಡಿದಾಗ ಯಜಮಾನರು ಬೆಳಗಾವಿಗೆ ಫೋನ್ ಮಾಡಿ ಆಯಿಗೆ ಸುದ್ದಿ ಹೇಳಿದರು. “ಛಲೋ ಆತು” ಅಂದರಂತೆ, ಅದರ ಬೆನ್ನಿಗೇ “ನಮ್ಮ ಕೂಸು ಊಟಾ ಮಾಡತೈತೇನು?” ಎಂದು ಕೇಳಿದರಂತೆ.

ಚೌತಿಯ ರಜೆ ಮುಗಿದು ಶಾಲೆ ಶುರುವಾದ ಮೇಲೆ ಮಕ್ಕಳಿಗೆಲ್ಲ ನೆಗಡಿ ಹಿಡಿಯಿತು. ನಮ್ಮ ಹುಡುಗಿಗೂ ಬಂತು. ಮೂಗು ಸೋರುವುದು, ಸಣ್ಣ ಕೆಮ್ಮು, ಮುಟ್ಟಿದರೆ ಮೈ ಬೆಚ್ಚಗೆ. ಶಾಲೆ ಬಿಡಿಸಿ ಮನೆಯಲ್ಲಿಟ್ಟುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅವಳ ಕಾಯಿಲೆಯ ಆ ದಿನಗಳು ನನಗೆ ಸುಖದ ದಿನಗಳಾಗಿದ್ದವು. ಸುಸ್ತಾದ ಮಗು ನನ್ನ ಮಗ್ಗುಲಿಗೇ ಮಲಗಿತು. ಕುತ್ತಿಗೆಗೆ ಮುಖ ಒತ್ತಿಕೊಂಡು ಕೆಮ್ಮಿತು. ನಾನು ಸೆರಗಿನಿಂದಲೇ ಅದರ ಮೂಗು ಒರೆಸಿದೆ, ಅದು ಬಿಟ್ಟ ಗಂಜಿಯನ್ನು ಅದೇ ಚಮಚದಿಂದ ನಾನು ತಿಂದೆ. ಆ ಮಧ್ಯಾಹ್ನ ಮೊದಲ ಸಲ ನನ್ನ ಕೈಯಿಂದ ತಲೆ ಬಾಚಿಸಿಕೊಂಡಳು. ಕೂದಲು ತೆಳ್ಳಗಿತ್ತು, ಹಣಿಗೆಗೆ ಸಿಗುತ್ತಲೇ ಇರಲಿಲ್ಲ.

ನೆಗಡಿ ಬಿಟ್ಟಿತು. ಅವಳು ಮತ್ತೆ ಶಾಲೆಗೆ ಹೋಗತೊಡಗಿದಳು. ವಾರವೊಂದು ಕಳೆದಿರಬೇಕು, ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವಳ ಎರಡೂ ಗಲ್ಲ ಕೆಂಪಗಿದ್ದವು. ನೀರು ಬಿಸಿಯಾಗಿತ್ತೇನೋ ಎಂದುಕೊಂಡೆ. ಅವಳದು ತಾಯಿಯ ಹಾಗೆ ತೆಳು ಬಣ್ಣ, ಸ್ವಲ್ಪ ಬಿಸಿಲು ತಾಗಿದರೂ ಮುಖ ಕೆಂಪೇರುತ್ತಿತ್ತು. ಪೌಡರ್ ಹಚ್ಚಿ ಕಳಿಸಿದೆ.

ಊಟದ ಹೊತ್ತಿಗೆ ಯಜಮಾನರು ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಬ್ಯಾಂಕಿಗೆ ಶಾಲೆಯಿಂದ ಫೋನ್ ಹೋಗಿತ್ತಂತೆ. ಮಗುವಿನ ಗಲ್ಲಗಳು ಈಗ ಬರೀ ಕೆಂಪಲ್ಲ, ಸುಡುವ ಹಾಗೆ ಕೆಂಪು. ಅಂಚು ಎದ್ದು ಕಾಣುತ್ತಿತ್ತು. ಬಾಯಿಯ ಸುತ್ತ ಮಾತ್ರ ಬಿಳಿಚಿಕೊಂಡಿತ್ತು. ಯಾರೋ ಬಲವಾಗಿ ಎರಡೂ ಕಪಾಳಕ್ಕೆ ಬಾರಿಸಿದ ಹಾಗೆ. ಹಾಗೆ ಕಾಣುತ್ತಿತ್ತು ಎನ್ನುವುದನ್ನು ನಾನು ಇಲ್ಲವೆನ್ನುವುದಿಲ್ಲ.

“ನೀ ಹೊಡದಿಯೇನು?” ಅಂದರು.

ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ದನಿ ಏರಿಸಲಿಲ್ಲ. ಏರಿಸಿದ್ದರೆ ಸಿಟ್ಟಿನಲ್ಲಿ ಅಂದದ್ದು ಎಂದು ಮರೆಯಬಹುದಿತ್ತು.

“ಇಲ್ರೀ. ನಾ ಯಾಕ ಹೊಡೀಲಿ?”

“ಸಾಲ್ಯಾಗ ಕೇಳ್ಯಾರ, ಮನ್ಯಾಗ ಯಾರ ಹೊಡದ್ರು ಅಂತ. ಇಕಿ ಬಾಯಿನ ಬಿಟ್ಟಿಲ್ಲ. ಅಮ್ಮ ಹೊಡದಳೇನು ಅಂದ್ರ ಅದಕ್ಕೂ ಸುಮ್ಮನ.”

“ಮುಂಜಾನಿಂದನ ಕೆಂಪಿತ್ತು. ಬಿಸಿನೀರಿಗೆ ಆಗಿರಬೇಕಂತ ಮಾಡಿದ್ದೆ.”

ಅವರು ನನ್ನ ಕೈಗಳನ್ನು ನೋಡಿದರು. ಹಿಟ್ಟು ನಾದುತ್ತಿದ್ದೆ, ಮೊಣಕೈವರೆಗೂ ಹಿಟ್ಟಿತ್ತು. ನಾನೂ ನನ್ನ ಕೈ ನೋಡಿಕೊಂಡೆ. ಹುಡುಗಿ ನಮ್ಮಿಬ್ಬರ ನಡುವಿನಿಂದ ಒಳಗೆ ಹೋಗಿ ಟೀವಿ ಹಚ್ಚಿದಳು. ಅವಳಿಗೆ ನೋವಿರಲಿಲ್ಲ, ತುರಿಕೆ ಇರಲಿಲ್ಲ. ಹಸಿವೆ ಅಂದಳು.

ಧಾರವಾಡಕ್ಕೆ ಫೋನ್ ಮಾಡಿದರೆ ನಮ್ಮವ್ವ, “ಗೊಬ್ಬರ ಎದ್ದಿರಬೇಕು, ಬೇವಿನ ತಪ್ಪಲಾ ಹಾಸಿಗಿಗೆ ಹಾಕು” ಅಂದಳು. ನಮ್ಮ ಕಡೆ ದಡಾರಕ್ಕೆ ಗೊಬ್ಬರ ಎನ್ನುತ್ತಾರೆ. ಗೊಬ್ಬರವಾಗಿದ್ದರೆ ಜ್ವರ ಇರಬೇಕಿತ್ತು, ಕಣ್ಣು ಕೆಂಪಾಗಬೇಕಿತ್ತು. ಅದೇನೂ ಇರಲಿಲ್ಲ. ಆದರೂ ಕೆಳಗಿನ ಓಣಿಯಲ್ಲಿದ್ದ ಬೇವಿನ ಮರದಿಂದ ಎಲೆ ಕಿತ್ತು ತಂದೆ. ಕೆಳಗಿನ ಮನೆಯ ಹೆಂಗಸು ಕಿಟಕಿಯಿಂದ ನೋಡಿ “ಕಿತೆಂ ಜಾಲೆಂ?” ಎಂದು ಕೊಂಕಣಿಯಲ್ಲಿ ಕೇಳಿದಳು. ಏನಾಯಿತು ಎಂದು ಅವಳಿಗೆ ಗೊತ್ತಿತ್ತು. ಅವಳ ಮಗನೂ ಅದೇ ಶಾಲೆ. ದಿನಾ ನಿಂತು ಮಾತಾಡುತ್ತಿದ್ದವಳು ಆವತ್ತು ಉತ್ತರಕ್ಕೂ ಕಾಯದೆ ಕಿಟಕಿ ಎಳೆದುಕೊಂಡಳು.

ಯಜಮಾನರು ಬೆಳಗಾವಿಗೆ ಏನು ಹೇಳಿದರೋ ತಿಳಿಯದು. ಶನಿವಾರ ಆಯಿ ಚೋರ್ಲಾ ಘಾಟಿನ ಬಸ್ಸಿನಲ್ಲಿ ಒಬ್ಬರೇ ಬಂದಿಳಿದರು. ಅಷ್ಟರಲ್ಲಿ ಗಲ್ಲದ ಕೆಂಪು ಬಹಳಷ್ಟು ಇಳಿದಿತ್ತು. ಅದನ್ನು ನೋಡಿ ನಾನು ಸಮಾಧಾನ ತಂದುಕೊಳ್ಳುವಾಗಲೇ ಆಯಿ ಮೊಮ್ಮಗಳಿಗೆ ಎರೆಯಲು ಬಚ್ಚಲಿಗೆ ಕರೆದುಕೊಂಡು ಹೋದರು. ಬಿಸಿನೀರು ಬಿದ್ದದ್ದೇ ತೋಳು, ತೊಡೆ, ಬೆನ್ನಿನ ಮೇಲೆ ಕೆಂಪು ಗೆರೆಗಳು ಎದ್ದುಬಿಟ್ಟವು. ಬಲೆ ಹಾಸಿದ ಹಾಗೆ, ಒಂದರೊಳಗೊಂದು ಹೆಣೆದುಕೊಂಡ ಗೆರೆಗಳು. ಆಯಿ ಮಗುವನ್ನು ಟವೆಲಿನಲ್ಲಿ ಸುತ್ತಿ ಹೊರಗೆ ತಂದು ನಡುಮನೆಯಲ್ಲಿ ನಿಲ್ಲಿಸಿದರು.

“ಇವು ಏನವಾ? ಇವೂ ಬಿಸಿನೀರಿಂದ ಆಗ್ಯಾವೇನು?”

“ಆಯೀ, ನಿನ್ನೆ ಇರಲಿಲ್ಲರೀ. ದೇವರಾಣಿಗೂ ಇರಲಿಲ್ಲ.”

“ಬಾಸುಂಡಿ ಎದ್ದಾವಲ್ಲ. ನನ್ನ ಕಣ್ಣೇನು ಹೋಗ್ಯಾವೇನು?” ಅಂದರು. ಅಳುತ್ತಿದ್ದರು. “ನಿನ್ನ ಹೊಟ್ಟಿಯೊಳಗೊಂದು ಬಂತು, ಇದು ಭಾರ ಆತು. ಹೌದಿಲ್ಲೋ? ಹಂಗ ಹೇಳಿಬಿಡು, ನಾ ಕರಕೊಂಡು ಹೋಗತೇನಿ.”

ಯಜಮಾನರು ಪೇಪರ್ ಹಿಡಿದುಕೊಂಡು ಕೂತಿದ್ದರು. ಆ ಮಾತಿಗಾದರೂ ಬಾಯಿ ತೆಗೆಯುತ್ತಾರೆ ಎಂದು ನಾನು ಅವರ ಕಡೆ ನೋಡಿದೆ. ಅವರು ಎದ್ದು ಅಂಗಿ ಹಾಕಿಕೊಂಡು, “ನಡೀರಿ, ಡಾಕ್ಟರಗೆ ತೋರಿಸಿ ಬರೂಣು” ಅಂದರು. ಅಷ್ಟೇ.

ಹೊರಡುವ ಮೊದಲು ಆಯಿ ಹುಡುಗಿಯನ್ನು ಹೊರಗಿನ ಗ್ಯಾಲರಿಗೆ ಕರೆದುಕೊಂಡು ಹೋಗಿ ಕೇಳಿದರು. ನಾನು ಅಡುಗೆಮನೆಯಲ್ಲಿದ್ದೆ, ಮಾತು ಕೇಳುತ್ತಿತ್ತು.

“ಮೌಶಿ ಹೊಡೀತಾಳೇನವಾ ನಿನಗ?”

ಮಗು ಮಾತಾಡಲಿಲ್ಲ.

“ಅಂಜಬ್ಯಾಡ, ನಾ ಅದೇನಿ. ಹೊಡೀತಾಳೇನು?”

“ಮೌಶಿ ಸಿಟ್ಟು ಮಾಡ್ತಾಳ” ಎಂದಿತು ಮಗು. ಅಷ್ಟಕ್ಕೇ ಆಯಿ ಅದನ್ನು ತಬ್ಬಿಕೊಂಡರು.

ಮಕ್ಕಳ ಡಾಕ್ಟರ್ ಪಣಜಿಯ ಹಳೆ ಮನೆಯೊಂದರ ಮುಂಭಾಗದಲ್ಲಿ ಕೂರುತ್ತಿದ್ದರು. ವಯಸ್ಸಾದ ಹೆಂಗಸು, ಮಾತು ಕಡಿಮೆ. ಮಗುವಿನ ಗಲ್ಲ ನೋಡಿದರು, ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ವಾರ ಹತ್ತು ದಿನದ ಹಿಂದೆ ನೆಗಡಿಯಾಗಿತ್ತೇ ಎಂದು ಹಿಂದಿಯಲ್ಲಿ ಕೇಳಿದರು. ಆಗಿತ್ತು ಎಂದೆ. ಅವರು ತಲೆಯಾಡಿಸಿದರು. ಇದೊಂದು ವೈರಸ್ಸು, ಬರುವಾಗ ನೆಗಡಿಯ ಹಾಗೆ ಬರುತ್ತದೆ, ಕೆಮ್ಮು ಸೀನಿನಿಂದ ಹರಡುತ್ತದೆ, ನೆಗಡಿ ಹೋಯಿತು ಅನ್ನುವಾಗ ಗಲ್ಲದ ಮೇಲೆ ಕಾಣಿಸಿಕೊಳ್ಳುತ್ತದೆ, ಆಮೇಲೆ ಮೈಮೇಲೆ ಈ ಬಲೆ. ಬಿಸಿಲು, ಬಿಸಿನೀರು ತಾಗಿದಾಗಲೆಲ್ಲ ಕೆಲವು ವಾರ ಎದ್ದು ಎದ್ದು ಅಡಗುತ್ತದೆ, ಔಷಧ ಬೇಕಿಲ್ಲ ಎಂದರು. ಕಪಾಳಕ್ಕೆ ಹೊಡೆದ ಹಾಗೆ ಕಾಣುತ್ತದೆ ಎಂದೇ ಇಂಗ್ಲಿಷಿನಲ್ಲಿ ಇದಕ್ಕೆ ‘ಏಟು ತಿಂದ ಗಲ್ಲ’ ಎಂಬ ಹೆಸರು ಬಿದ್ದಿದೆ ಎಂದು ಹೇಳಿ, ನಮ್ಮ ಮೂವರ ಮುಖಗಳನ್ನೂ ನೋಡಿ, “ಯಾರೂ ಹೊಡೆದಿಲ್ಲ” ಎಂದು ಇನ್ನೊಮ್ಮೆ ನಿಧಾನವಾಗಿ ಹೇಳಿದರು. ಇಂಥ ಮನೆಗಳನ್ನು ಅವರು ಮೊದಲೂ ನೋಡಿರಬೇಕು.

ಯಜಮಾನರು ಅದನ್ನೆಲ್ಲ ಆಯಿಗೆ ಕನ್ನಡದಲ್ಲಿ ಹೇಳಿದರು. ನನಗೆ ಕಣ್ಣಲ್ಲಿ ನೀರು ಬಂತು. ಆಯಿ ಮಾತ್ರ, “ಡಾಕ್ಟರ ಹೇಳೂದು ಖರೇ ಇರಬಹುದು. ಆದ್ರ ಕೂಸು ಯಾಕ ಇಲ್ಲ ಅನಲಿಲ್ಲ?” ಅಂದರು.

ನಾವು ಏಳುವಾಗ ಡಾಕ್ಟರು ನನ್ನನ್ನು ತಡೆದರು. ಸೆರಗಿನ ಮರೆಯಲ್ಲಿದ್ದ ಹೊಟ್ಟೆಯನ್ನು ಅದುವರೆಗೆ ಗಮನಿಸಿರಲಿಲ್ಲ. ಎಷ್ಟು ತಿಂಗಳು ಎಂದು ಕೇಳಿದರು. ಮಗುವಿಗೆ ನೆಗಡಿಯಾದಾಗ ಯಾರು ನೋಡಿಕೊಂಡರು, ನನಗೇನಾದರೂ ಜ್ವರ, ನೆಗಡಿ ಬಂತೇ ಎಂದು ಕೇಳಿದರು. ಸ್ವಲ್ಪ ಮೈ ಭಾರವಿತ್ತು, ಬಸುರಿಗೆ ಅದು ಇದ್ದದ್ದೇ ಎಂದುಕೊಂಡಿದ್ದೆ, ಅದನ್ನೇ ಹೇಳಿದೆ. ಅವರು ಹುಷಾರಾಗಿ ಮಾತು ಆರಿಸಿಕೊಂಡರು. ದೊಡ್ಡವರಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ, ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ, ಬಸುರಿಗೆ ಬಂದರೂ ಬಹಳಷ್ಟು ಕೂಸುಗಳು ಚೆನ್ನಾಗಿಯೇ ಹುಟ್ಟುತ್ತವೆ. ಆದರೆ ಕೆಲವೊಮ್ಮೆ ಹೊಟ್ಟೆಯೊಳಗಿನ ಕೂಸಿನ ರಕ್ತ ಕಡಿಮೆಯಾಗುತ್ತದೆ. ನಿಮ್ಮ ಹೆರಿಗೆ ಡಾಕ್ಟರಿಗೆ ತಪ್ಪದೆ ಹೇಳಿ, ಸ್ಕ್ಯಾನ್ ಮಾಡಿಸುತ್ತಿರಿ ಅಂದರು. ಆಯಿಗೆ ಇದನ್ನು ಯಾರೂ ಕನ್ನಡದಲ್ಲಿ ಹೇಳಲಿಲ್ಲ.

ಮರುದಿನ ಆಯಿ ಹುಡುಗಿಯನ್ನು ಕರೆದುಕೊಂಡು ಹೋದರು. “ದೀಪಾವಳಿ ಸೂಟಿ ಮುಗಿಯೂತನಾ ಇರಲಿ” ಅಂದರು. ಮಗು ಕುಣಿಯುತ್ತ ಬಸ್ಸು ಹತ್ತಿತು. ಕಿಟಕಿಯಿಂದ ನನಗೂ ಕೈ ಬೀಸಿತು. ಬಿಸಿಲಿಗೆ ಗಲ್ಲ ಮತ್ತೆ ಕೆಂಪಾಗಿತ್ತು.

ಅವರು ಹೋದ ಆ ವಾರದಲ್ಲೇ ನನ್ನ ಬೆರಳುಗಳು ಬೆಳಿಗ್ಗೆ ಮಡಚಲು ಬಾರದಂತಾದವು. ಮಣಿಕಟ್ಟು, ಮೊಣಕಾಲು ಎಲ್ಲ ನೋವು. ಲಟ್ಟಣಿಗೆ ಹಿಡಿಯಲಾಗುತ್ತಿರಲಿಲ್ಲ, ಬಳೆ ತೆಗೆಯಲಾಗುತ್ತಿರಲಿಲ್ಲ. ತೋಳಿನ ಮೇಲೆ ತಿಳಿಯಾಗಿ ಅದೇ ಬಲೆ ಕಂಡಿತು. ಯಜಮಾನರಿಗೆ ತೋರಿಸಿದೆ. ಅವರು ತೋಳನ್ನು ಮುಟ್ಟಿ ನೋಡಿ, “ಡಾಕ್ಟರ ಹೇಳಿದ್ದ ಆತಲ್ಲ” ಅಂದರು. ನನ್ನ ಮೈಮೇಲೆ ಎದ್ದ ಮೇಲೆ ಅವರಿಗೆ ಪೂರ್ತಿ ನಂಬಿಕೆ ಬಂತು.

ಹೆರಿಗೆ ಡಾಕ್ಟರು ರಕ್ತವನ್ನು ಪರೀಕ್ಷೆಗೆ ಮುಂಬೈಗೆ ಕಳಿಸಿದರು. ಮೊದಲ ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿತ್ತು. ಅದರ ಮುಂದಿನದರಲ್ಲಿ ಕೂಸಿನ ಹೊಟ್ಟೆಯಲ್ಲಿ, ಎದೆಯ ಸುತ್ತ ನೀರು ತುಂಬಿದೆ ಎಂದರು. ದೊಡ್ಡ ಊರಿಗೆ ಹೋದರೆ ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ರಕ್ತ ಕೊಡುವವರಿದ್ದಾರೆ ಎಂದು ಹೇಳಿ ಯಾರಿಗೋ ಫೋನ್ ಮಾಡುತ್ತಿದ್ದರು. ಹೋಗುವುದಕ್ಕೆ ನಾವು ಬಟ್ಟೆಯನ್ನೂ ಕಟ್ಟಿಟ್ಟುಕೊಂಡಿದ್ದೆವು. ಅಷ್ಟರಲ್ಲಿ ಅದು ಆಡುವುದನ್ನು ನಿಲ್ಲಿಸಿತು. ಹಿಂದಿನ ಸಂಜೆ ಸಣ್ಣಗೆ, ಮೀನು ತಿರುಗಿದ ಹಾಗೆ ಆಡಿತ್ತು. ಬೆಳಿಗ್ಗೆ ನಾನು ಎಡಕ್ಕೆ ಮಲಗಿ ನೋಡಿದೆ, ಬಲಕ್ಕೆ ಮಲಗಿ ನೋಡಿದೆ, ಸಕ್ಕರೆ ತಿಂದು ಕಾದೆ.

ಹೆರಬೇಕಾಯಿತು. ಹುಟ್ಟುವ ಮೊದಲೇ ತೀರಿಹೋದದ್ದನ್ನೂ ಹೆರಲೇಬೇಕು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಗಂಡು ಕೂಸು. ನರ್ಸು ಬಟ್ಟೆ ಸುತ್ತಿ ತೋರಿಸಿದಳು. ಬಿಳಿಚಿಕೊಂಡಿತ್ತು, ಉಬ್ಬಿತ್ತು. ಹಣೆ ಮಾತ್ರ ಅವರಪ್ಪನದೇ. ಯಜಮಾನರು ಮತ್ತು ಬ್ಯಾಂಕಿನ ಗೆಳೆಯರೊಬ್ಬರು ಅದನ್ನು ತೆಗೆದುಕೊಂಡು ಹೋದರು. ಎಲ್ಲಿ ಇಟ್ಟರು ಎಂದು ನಾನು ಕೇಳಲಿಲ್ಲ.

ಹುಡುಗಿಯನ್ನು ಬೆಳಗಾವಿಯ ನೆರೆಮನೆಯಲ್ಲಿ ಬಿಟ್ಟು ಆಯಿ ಬಂದರು. ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ನಮ್ಮವ್ವನಿಗೆ ಆಗ ಕಾಲು ಮುರಿದಿತ್ತು, ಬರುವಂತಿರಲಿಲ್ಲ. ಆಯಿಯೇ ನನ್ನ ಕಿವಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟಿದರು, ಎದೆಗೆ ಹಾಲು ಕಟ್ಟಿದಾಗ ಅದು ಇಂಗಲಿ ಎಂದು ಮಲ್ಲಿಗೆ ಹೂ ಕಟ್ಟಿದರು, ಮೆಣಸಿನ ಸಾರು ಮಾಡಿ ಉಣ್ಣಿಸಿದರು. ಕೂಸಿಲ್ಲದ ಬಾಣಂತನವನ್ನು ಒಂದೂ ಕಡಿಮೆಯಾಗದಂತೆ ಮಾಡಿದರು. ಮಗಳನ್ನು ಕಳೆದುಕೊಂಡವರ ಕೈ ಹೇಗಿರುತ್ತದೆ ಎಂದು ನನಗೆ ಆಗ ತಿಳಿಯಿತು. ಗಲ್ಲದ ವಿಷಯ ಅವರು ಎತ್ತಲಿಲ್ಲ. ಹೊರಡುವ ಹಿಂದಿನ ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದವರು ಕೈ ನಿಲ್ಲಿಸಿದರು.

“ಯವ್ವಾ, ಅಳಿಯಂದ್ರು ಎಲ್ಲಾ ಹೇಳ್ಯಾರ. ಆ ನೆಗಡಿಯಿಂದನ ಹಿಂಗಾತು ಅಂತ. ಒಂದ ಮಾತು ಕೇಳಲೇನು?”

“ಹೇಳ್ರಿ ಆಯೀ.”

“ಆ ಕೂಸಿಗೆ ಇದನ್ನ ಎಂದೂ ಹೇಳಬ್ಯಾಡ. ನಿನ್ನಿಂದ ಬಂತು ಅಂತ ಸಿಟ್ಟಿನ ಭರದಾಗೂ ಅನಬ್ಯಾಡ.”

“ನಾ ಯಾಕ ಅನಲಿ? ಅದು ಬೇಕಂತ ತಂದಿತೇನು?”

“ಅನೂದಿಲ್ಲ. ಖರೇ. ಆದ್ರ ಇನ್ನ ನೀ ಅದನ್ನ ನೋಡೂ ಕಣ್ಣು ಬ್ಯಾರೆ ಆಗತಾವ. ನಿನ್ನ ತಪ್ಪಲ್ಲ ಅದು. ಯಾರಿಗಿದ್ರೂ ಹಂಗ ಆಗತಾವ. ನನ್ನ ಹಂತ್ಯಾಕ ಇರಲಿ ಬಿಡು.”

ನಾನು ಇಲ್ಲ ಎನ್ನಬೇಕಿತ್ತೋ ಏನೋ. ಮೈಯಲ್ಲಿ ಶಕ್ತಿಯಿರಲಿಲ್ಲ. ಅವಳನ್ನು ನೋಡಿದರೆ ನನಗೆ ಏನನ್ನಿಸುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಯಜಮಾನರು ಹೋಗಿ ಶಾಲೆಯ ಸರ್ಟಿಫಿಕೇಟು ತಂದು ಬೆಳಗಾವಿಗೆ ಕೊಟ್ಟು ಬಂದರು.

ಮುಂದೆ ನನಗೆ ಮಕ್ಕಳಾಗಲಿಲ್ಲ. ಯಾಕೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಎಲ್ಲ ಸರಿಯಾಗಿಯೇ ಇದೆ ಎನ್ನುತ್ತಿದ್ದರು. ಯಜಮಾನರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಬರುತ್ತಿದ್ದರು. ಹಬ್ಬಕ್ಕೆ ನಾನೂ ಹೋಗುತ್ತಿದ್ದೆ. ಹುಡುಗಿ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ತಿನ್ನಲು ತಂದದ್ದನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಗೋವೆಗೆ ಬಾ ಎಂದರೆ ಪರೀಕ್ಷೆ, ಹಾಡಿನ ಕ್ಲಾಸು, ಏನಾದರೊಂದು. ನಾನು ಹೊಡೆದವಳು ಎಂದೇ ಅವಳಿಗೆ ತಿಳಿಸಿಟ್ಟಿರಬೇಕು ಎಂದುಕೊಂಡಿದ್ದೆ. ಊರಲ್ಲಿ ಸ್ವೈನ್ ಫ್ಲೂ ಭಯ ಹುಟ್ಟಿ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ವರ್ಷ ಯಜಮಾನರು ಆ ಕಡೆ ಹೋಗಲೇ ಇಲ್ಲ. ನೆಗಡಿ ಎಂಬ ಶಬ್ದಕ್ಕೇ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತಿತ್ತು.

ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳು ಬಂದಳು. ಆಯಿಗೆ ಕಣ್ಣಿನ ಆಪರೇಷನ್ ಇತ್ತು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇರಲಿಲ್ಲ. ನನಗಿಂತ ಎತ್ತರವಾಗಿದ್ದಳು. ಒಂದು ಸಂಜೆ ಇಬ್ಬರೂ ಗ್ಯಾಲರಿಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆವು. ಯಜಮಾನರು ಒಳಗೆ ಕುರ್ಚಿಯ ಮೇಲೆ ಕೂತಿದ್ದರು. ಅವಳು ಕಾಯಿಯ ನಾರು ಎಳೆಯುತ್ತ, ತಲೆ ಎತ್ತದೆಯೇ ಅಂದಳು:

“ಮೌಶಿ, ನಿಮ್ಮ ಕೂಸು ನನ್ನಿಂದನ ಹೋತಲ್ಲಾ.”

ನನ್ನ ಕೈ ಅಲ್ಲೇ ನಿಂತಿತು. “ಯಾರ ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ. ಆಯಿ ಬಾಜೂ ಮನಿಯವರ ಮುಂದ ಹೇಳಿ ಅಳಾಕತ್ತಿದ್ಲು. ನಾ ಎರಡನೇತ್ತೆ ಇದ್ದೆ. ಆವಾಗಿಂದ ಗೊತ್ತೈತಿ. ಅದಕ್ಕ ನಾ ಬರತಿರಲಿಲ್ಲ. ನಿಮ್ಮ ಮಾರಿ ಹೆಂಗ ನೋಡೂದಂತ.”

ಅಷ್ಟು ವರ್ಷ ನಾವೆಲ್ಲ ಮುಚ್ಚಿಟ್ಟದ್ದು ಅವಳ ಹತ್ತಿರವೇ ಇತ್ತು. ಆರೇಳು ವರ್ಷದ ಮಗು ಅದನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬಂದು ಮಾಡಿತ್ತು, ನಾವು ಹಬ್ಬಕ್ಕೆ ಹೋದಾಗ ನನ್ನ ಕಾಲು ಮುಟ್ಟಿತ್ತು.

“ನೆಗಡಿ ಯಾರ ಕೈಯಾಗೂ ಇರೂದಿಲ್ಲವಾ” ಎಂದೆ. “ನಿನಗ ಬಂದಿದ್ದು ಇನ್ನೊಂದು ಕೂಸಿನಿಂದ. ಅದಕ್ಕ ಮತ್ತ್ಯಾರಿಂದಲೋ. ನಿನ್ನ ನಾ ಒಂದಿನಾನೂ ಹಂಗ ನೋಡಿಲ್ಲ.”

ಅವಳು ಅತ್ತಳು. ಅತ್ತು ಮುಗಿದ ಮೇಲೆ ನಾನು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಆ ಪ್ರಶ್ನೆ ನನ್ನಲ್ಲಿ ಅಷ್ಟು ಹಳೆಯದಾಗಿತ್ತು.

“ಆವಾಗ ಸಾಲ್ಯಾಗ ಕೇಳಿದ್ರಲ್ಲ, ಯಾರ ಹೊಡದ್ರು ಅಂತ. ನೀ ಯಾಕ ಇಲ್ಲ ಅನಲಿಲ್ಲ?”

ಅವಳು ಮೂಗು ಒರೆಸಿಕೊಂಡು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. “ಟೀಚರ್ ಇಂಗ್ಲಿಷಿನ್ಯಾಗ ಕೇಳಿದ್ರು. ಏನ ಕೇಳತಾರ ಅಂತ ನನಗ ತಿಳೀಲೇ ಇಲ್ಲ.”

“ಮತ್ತ ಆಯಿ ಕೇಳಿದಾಗ?”

ಅವಳು ಇನ್ನೊಂದು ಕಾಯಿ ಎತ್ತಿಕೊಂಡು ನಾರು ಎಳೆದಳು. “ಆಯಿ ಕರಕೊಂಡು ಹೋಗತೇನಿ ಅಂದ್ಲು. ನನಗ ಹೋಗಬೇಕಿತ್ತು ಮೌಶಿ.”

ನನಗೆ ಸಿಟ್ಟು ಬರಲಿಲ್ಲ. ಆರು ವರ್ಷದ ಮಗುವಿಗೆ ತನ್ನನ್ನು ಸಾಕಿದವರ ಹತ್ತಿರ ಹೋಗಬೇಕೆನಿಸಿದ್ದು ತಪ್ಪು ಎಂದು ಯಾರು ಹೇಳುತ್ತಾರೆ? ಆದರೂ ಎದ್ದು ಒಳಗೆ ಹೋದೆ. ಯಜಮಾನರ ಕುರ್ಚಿ ಬಾಗಿಲಿನ ಪಕ್ಕದಲ್ಲೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ಈಗಲಾದರೂ, ಆವತ್ತು ಹಾಗೆ ಕೇಳಬಾರದಾಗಿತ್ತು ಎಂದು ಹೇಳುತ್ತಾರೆ ಎಂದು ನಾನು ನಿಂತೆ. ಅವರು ಕನ್ನಡಕ ಹಾಕಿಕೊಂಡು, ಚಹಾ ಆಗತೈತೇನು ಎಂದು ಕೇಳಿದರು.

ಹುಡುಗಿ ರಜೆ ಮುಗಿಯುವವರೆಗೂ ಇದ್ದಳು. ಆಮೇಲಿನ ಬೇಸಿಗೆಗಳಲ್ಲೂ ಬಂದಳು. ನಮ್ಮಿಬ್ಬರಲ್ಲಿ ಈಗ ಮಾತಿದೆ, ಫೋನಿದೆ. ಆದರೆ ಅವಳಿಗೆ ಸ್ವಲ್ಪ ಶೀತವಾದರೂ ನಮ್ಮ ಮನೆಗೆ ಬರುವುದಿಲ್ಲ. ಬರುವ ದಿನ ಗೊತ್ತಾಗಿದ್ದರೂ ಮುಂದೂಡುತ್ತಾಳೆ. ಏನೂ ಆಗುವುದಿಲ್ಲ ಬಾ, ಈಗ ಈ ಮನೆಯಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ನಾನು ಎಷ್ಟು ಹೇಳಿದರೂ, “ಆರಾಮಾದ ಮ್ಯಾಲ ಬರತೇನಿ ಮೌಶಿ” ಎನ್ನುತ್ತಾಳೆ.